ಜಪಾನಿ ಗೇಮ್‌ಗಳಲ್ಲಿ ಕೊನೆಗೆ ದೇವರನ್ನೇ ಯಾಕೆ ಕೊಲ್ಲಬೇಕು?

ತುಂಗೆ_ದಡ:

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಸ್ಪಾಯ್ಲರ್ ಇದೆ. ಫೈನಲ್ ಫ್ಯಾಂಟಸಿ 10 ಮತ್ತು ಓಕಾಮಿ ಇನ್ನೂ ಆಡದವರು ಮುಂದೆ ಓದಬೇಡಿ.

ಎರಡು ತಿಂಗಳಿಂದ ಈ ಎರಡನ್ನೂ ಒಟ್ಟೊಟ್ಟಿಗೆ ಆಡಿದೆ. ರಾತ್ರಿ ನಾನೊಬ್ಬನೇ ಕೂತು ಫೈನಲ್ ಫ್ಯಾಂಟಸಿ, ಭಾನುವಾರ ತಂಗಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಕಾಮಿ. ಓಕಾಮಿಯಲ್ಲಿ ನಾವೇ ದೇವರು. ಅಮಾತೆರಾಸು ಅನ್ನುವ ಸೂರ್ಯದೇವತೆ ಬಿಳಿ ತೋಳವಾಗಿ ಬಂದಿರುತ್ತಾಳೆ. ಕುಂಚ ಹಿಡಿದು ಆಕಾಶದಲ್ಲಿ ಒಂದು ಸುತ್ತು ಬರೆದರೆ ಸೂರ್ಯ ಬರುತ್ತಾನೆ, ಒಣಗಿದ ಮರಕ್ಕೆ ಸುತ್ತು ಹಾಕಿದರೆ ಹೂ ಬಿಡುತ್ತದೆ, ದಾರಿಯಲ್ಲಿ ಸಿಕ್ಕ ಗುಬ್ಬಚ್ಚಿ, ಮೊಲ, ಹಂದಿಗೆಲ್ಲ ತಿನ್ನಲು ಕೊಡುತ್ತಾ ಹೋಗಬೇಕು. ಹಾಗೆ ಮಾಡಿದಾಗ ಸಿಗುವ ಸಣ್ಣ ಬೆಳಕಿನ ಗೋಲಿಗಳೇ ನಮ್ಮ ಬಲ. ಯಾರಾದರೂ ಉದ್ದುದ್ದ ಮಾತಾಡಿದರೆ ದೇವರು ಕೂತಲ್ಲೇ ತೂಕಡಿಸುತ್ತದೆ. "ಮಾಮ, ದೇವರಿಗೂ ನಿದ್ದೆ ಬರುತ್ತಾ" ಅಂತ ಆ ಮಗು ಕೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಆದರೆ ಅದೇ ರಾತ್ರಿ ಇನ್ನೊಂದು ಗೇಮ್‌ನಲ್ಲಿ ನಡೆಯುವುದೇ ಬೇರೆ. ಸಿನ್ ಅನ್ನುವ ದೈತ್ಯ ಸಮುದ್ರದಿಂದ ಎದ್ದು ಊರೂರನ್ನೇ ಅಳಿಸಿ ಹಾಕುತ್ತದೆ. ಇದು ನಿಮ್ಮ ಹಿರಿಯರು ಮಾಡಿದ ಪಾಪದ ಫಲ, ಪ್ರಾಯಶ್ಚಿತ್ತ ಮಾಡಿಕೊಳ್ಳಿ ಅಂತ ಯೆವನ್ ಗುಡಿಯವರು ಹೇಳುತ್ತಾರೆ. ಯೂನಾ ಅನ್ನುವ ಹುಡುಗಿ ಒಂದೊಂದೇ ಗುಡಿಗೆ ಹೋಗಿ ಪ್ರಾರ್ಥಿಸಿ, ಕೊನೆಗೆ ತನ್ನ ಪ್ರಾಣ ಕೊಟ್ಟು ಸಿನ್ ಅನ್ನು ಕೊಲ್ಲಬೇಕು. ಆಮೇಲೆ ಗೊತ್ತಾಗುತ್ತದೆ, ಸಿನ್ ಅನ್ನು ಕೊಲ್ಲಲು ಬಳಸುವ ಶಕ್ತಿಯೇ ಮುಂದಿನ ಸಿನ್ ಆಗುತ್ತದೆ ಅಂತ. ಗುಡಿಯ ದೊಡ್ಡವರಿಗೆ ಅದು ಮೊದಲಿಂದಲೂ ಗೊತ್ತು. ಕೊನೆಗೆ ನಾವು ಹೊಡೆದು ಮುಗಿಸುವುದು ಯೂ ಯೆವನ್‌ನನ್ನೇ, ಅಂದರೆ ಊರೆಲ್ಲ ಕೈಮುಗಿಯುವ ದೇವರನ್ನು.

ಒಂದೇ ದೇಶದ ಜನ ಕಟ್ಟಿದ ಕಥೆಗಳು ಇವು. ಒಂದು ಕಡೆ ದಾರಿ ಬದಿಯ ಕಲ್ಲಿಗೂ ಭಕ್ತಿ, ಇನ್ನೊಂದು ಕಡೆ ದೇವರ ಮೇಲೇ ಕತ್ತಿ. ಇದು ಸುಮ್ನೆ ಕಥೆ ಚೆನ್ನಾಗಿರಲಿ ಅಂತ ಮಾಡಿದ್ದಾ, ಅಥವಾ ಅವರ ಧರ್ಮದಲ್ಲೇ ಇದಕ್ಕೆ ಬೇರು ಇದೆಯಾ? ತಿಳಿದವರು ಬರೆಯಿರಿ, ಉದ್ದ ಆದರೂ ಪರವಾಗಿಲ್ಲ, ನಾನು ಓದುತ್ತೇನೆ.

---

ಪಣಂಬೂರು_ಅಲೆ:

ಒಳ್ಳೆಯ ಪ್ರಶ್ನೆ ಮಾರಾಯ್ರೆ. ನನಗೆ ಅನ್ನಿಸುವುದು, ತೊಡಕು ಇರುವುದು "ದೇವರು" ಅನ್ನುವ ಪದದಲ್ಲೇ. ಜಪಾನಿಯಲ್ಲಿ ಇರುವ ಪದ ಕಾಮಿ. ಇಂಗ್ಲಿಷ್ ಅನುವಾದದಲ್ಲಿ ಅದು ಗಾಡ್ ಆಗುತ್ತದೆ, ನಾವು ಅದನ್ನೇ ಓದಿ ದೇವರು ಅಂದುಕೊಳ್ಳುತ್ತೇವೆ. 18ನೇ ಶತಮಾನದಲ್ಲಿ ಮೊತೊಓರಿ ನೊರಿನಾಗಾ ಅನ್ನುವ ವಿದ್ವಾಂಸ ಇದನ್ನು ಬಿಡಿಸಿ ಬರೆದಿದ್ದಾನೆ: ಎಲ್ಲದರಂತೆ ಇಲ್ಲದೆ, ನೋಡಿದರೆ ಮೈ ಜುಮ್ಮೆನ್ನಿಸುವಂಥದ್ದು ಏನಿದ್ದರೂ ಅದು ಕಾಮಿ. ಬೆಟ್ಟ, ಸಮುದ್ರ, ಮರ, ಪ್ರಾಣಿ, ಮನುಷ್ಯ, ಯಾವುದೂ ಆಗಬಹುದು. ಒಳ್ಳೆಯದೇ ಆಗಿರಬೇಕು ಅಂತ ಏನೂ ಇಲ್ಲ.

ನಮ್ಮ ತುಳುನಾಡಿನ ಕಡೆಯವರಿಗೆ ಇದು ತಕ್ಷಣ ಅರ್ಥ ಆಗುತ್ತದೆ, ಯಾಕೆಂದರೆ ನಮ್ಮಲ್ಲಿ ದೇವರು ಬೇರೆ, ದೈವ ಬೇರೆ. ಪಂಜುರ್ಲಿ ಹಂದಿ, ಪಿಲಿಚಾಮುಂಡಿ ಹುಲಿ. ದೈವಕ್ಕೆ ಒಂದು ಜಾಗ ಇದೆ, ಒಂದು ಊರು, ಒಂದು ಮನೆತನ ಇದೆ. ಕೋಲದಲ್ಲಿ ದೈವದ ಎದುರು ನಿಂತು ದೂರು ಹೇಳುತ್ತೇವೆ, ಯಾಕೆ ಹೀಗೆ ಮಾಡಿದೆ ಅಂತ ಕೇಳುತ್ತೇವೆ, ದೈವವೂ ನುಡಿ ಕೊಡುತ್ತದೆ. ನಂಬಿದವರನ್ನು ಕಾಯುತ್ತದೆ, ನಂಬಿಕೆ ತಪ್ಪಿದರೆ ಮುನಿಯುತ್ತದೆ. ಓಕಾಮಿಯಲ್ಲಿ ಇದೇ ನಡೆಯುವುದು ಗಮನಿಸಿದ್ದೀರಾ? ನಂಬಿಕೆ ಇದ್ದವರ ಕಣ್ಣಿಗೆ ಮಾತ್ರ ಅಮಾತೆರಾಸು ಮೈಮೇಲಿನ ಕೆಂಪು ಗೆರೆಗಳು ಕಾಣುತ್ತವೆ, ಉಳಿದವರಿಗೆ ಅದೊಂದು ಬಿಳಿ ತೋಳ ಅಷ್ಟೆ. ಕೊನೆಯ ಯುದ್ಧದಲ್ಲಿ ಅವಳ ಬಲ ಪೂರ್ತಿ ಹೋದಾಗ, ಅವಳ ಜೊತೆಗಾರ ಇಸ್ಸುನ್ ಊರೂರು ತಿರುಗಿ ಅವಳ ಚಿತ್ರ ಹಂಚಿ ಜನರಿಗೆ ಅವಳನ್ನು ನೆನಪಿಸಿರುತ್ತಾನೆ. ಜನ ಪ್ರಾರ್ಥಿಸಿದ ಮೇಲೆಯೇ ಅವಳು ಎದ್ದು ನಿಲ್ಲುವುದು. ಆ ದೃಶ್ಯ ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು.

ಇನ್ನು ಕೊಲ್ಲುವ ವಿಷಯ. ಜಪಾನಿನಲ್ಲಿ ಮುನಿದ ಆತ್ಮವನ್ನೇ ಕಾಮಿ ಮಾಡಿ ಗುಡಿ ಕಟ್ಟುವ ಪದ್ಧತಿ ಹಳೆಯದು. ಸುಗಾವಾರಾ ನೊ ಮಿಚಿಜಾನೆ ಅಂತ ಒಬ್ಬ ದೊಡ್ಡ ಪಂಡಿತ ಇದ್ದ. ಆಸ್ಥಾನದವರು ಸಲ್ಲದ ಆರೋಪ ಹೊರಿಸಿ ಅವನನ್ನು ದಜೈಫುಗೆ ಗಡಿಪಾರು ಮಾಡಿದರು, 903ರಲ್ಲಿ ಅಲ್ಲೇ ಸತ್ತ. ಆಮೇಲೆ ವಿರೋಧಿಗಳು ಒಬ್ಬೊಬ್ಬರಾಗಿ ಸತ್ತರು, 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಇದು ಅವನದೇ ಕೋಪ ಅಂತ ಹೆದರಿ ಗುಡಿ ಕಟ್ಟಿ ಪೂಜೆ ಮಾಡಿದರು. ಇವತ್ತು ಅವನೇ ತೆಂಜಿನ್, ಪರೀಕ್ಷೆಗೆ ಮೊದಲು ಮಕ್ಕಳು ಹೋಗಿ ಕೈಮುಗಿಯುವ ವಿದ್ಯೆಯ ಕಾಮಿ. ನಮ್ಮ ಕಲ್ಕುಡ ಕಲ್ಲುರ್ಟಿ ದೈವಗಳ ಪಾಡ್ದನ, ಅಂದರೆ ತುಳು ಹಾಡುಗತೆ ಕೇಳಿದವರಿಗೆ ಇದು ಹೊಸದೇನಲ್ಲ. ಕಾರ್ಕಳದ ಅರಸ ಶಿಲ್ಪಿಯ ಕೈಕಾಲು ಕಡಿಸಿದ, ಆ ಅನ್ಯಾಯವೇ ದೈವವಾಗಿ ಎದ್ದು ನಿಂತಿತು.

ಹಾಗಾಗಿ ಜಪಾನಿ ಗೇಮ್‌ನಲ್ಲಿ ಕಾಮಿಯ ಜೊತೆ ಹೊಡೆದಾಡುವುದು ಅಂದರೆ ಸೃಷ್ಟಿಕರ್ತನ ಮೇಲೆ ತಿರುಗಿ ಬಿದ್ದ ಹಾಗಲ್ಲ. ಕೆರಳಿದ್ದನ್ನು ತಣಿಸುವುದು, ಹಾಳಾದ ಸಂಬಂಧವನ್ನು ಸರಿ ಮಾಡುವುದು. ಹಾಗಂತ ದೈವ ಮತ್ತು ಕಾಮಿ ಒಂದೇ ಅಂತ ನಾನು ಹೇಳುತ್ತಿಲ್ಲ. ಅವರದು ಅವರ ನೆಲದ್ದು, ನಮ್ಮದು ನಮ್ಮ ನೆಲದ್ದು. ಆದರೆ "ದೇವರನ್ನು ಕೊಂದರು" ಅಂತ ಓದುವುದಕ್ಕಿಂತ "ದೈವ ಮುನಿದಿತ್ತು" ಅಂತ ಓದಿದರೆ ಆ ಕಥೆಗಳು ಎಷ್ಟೋ ಹತ್ತಿರ ಬರುತ್ತವೆ.

---

ಒಸಾಕಾ_ಲೋಕಲ್:

ಪಣಂಬೂರಿನವರು ಕಾಮಿ ಬಗ್ಗೆ ಬರೆದಿದ್ದು ಸರಿ ಇದೆ. ಆದರೆ ಫೈನಲ್ ಫ್ಯಾಂಟಸಿ 10ರ ಜೀವ ಇರುವುದು ಬೌದ್ಧರ ಕಡೆ, ಅದರಲ್ಲೂ ಸತ್ತವರ ವಿಷಯದಲ್ಲಿ. ನಾನು ಒಸಾಕಾಕ್ಕೆ ಬಂದು ಆರು ವರ್ಷ ಆಯಿತು. ಇಲ್ಲಿನ ಜನರಿಗೆ ಯಾವ ಧರ್ಮ ಅಂತ ಕೇಳಿದರೆ ಬಹಳ ಜನ ಯಾವುದೂ ಇಲ್ಲ ಅನ್ನುತ್ತಾರೆ. ಆದರೆ ಮಗು ಹುಟ್ಟಿದರೆ ಶಿಂಟೋ, ಅಂದರೆ ಕಾಮಿಗಳನ್ನು ಪೂಜಿಸುವ ಧರ್ಮದ ಗುಡಿಗೆ ಎತ್ತಿಕೊಂಡು ಹೋಗುತ್ತಾರೆ, ಮದುವೆ ಚರ್ಚಿನಂಥ ಜಾಗದಲ್ಲಿ ಆದರೂ ಆಗಬಹುದು, ಸತ್ತಾಗ ಮಾತ್ರ ಬೌದ್ಧ ಭಿಕ್ಷು ಬಂದು ಮಂತ್ರ ಹೇಳಬೇಕು. ಸಾವು ಬೌದ್ಧರಿಗೆ ಬಿಟ್ಟ ಕೆಲಸ.

ಆಗಸ್ಟ್ ಮಧ್ಯದಲ್ಲಿ ಓಬೊನ್ ಬರುತ್ತದೆ. ನಮ್ಮ ಪಿತೃಪಕ್ಷದ ಹಾಗೆ, ಹಿರಿಯರ ಆತ್ಮ ಮನೆಗೆ ಬಂದು ಹೋಗುತ್ತದೆ ಅನ್ನುವ ನಂಬಿಕೆ. ಬರುವಾಗ ದೀಪ ಹಚ್ಚಿ ಕರೆಯುತ್ತಾರೆ, ಹೋಗುವಾಗ ಬೆಂಕಿ ಹಚ್ಚಿ ಕಳಿಸುತ್ತಾರೆ. ಕೆಲವು ಕಡೆ ಕಾಗದದ ದೀಪಗಳನ್ನು ನೀರಿನಲ್ಲಿ ತೇಲಿ ಬಿಡುತ್ತಾರೆ. ಆಗಸ್ಟ್ 16ರ ರಾತ್ರಿ ಕ್ಯೋಟೋ ಸುತ್ತಿನ ಐದು ಬೆಟ್ಟಗಳ ಮೇಲೆ ಬೆಂಕಿಯಲ್ಲಿ ದೊಡ್ಡ ಅಕ್ಷರ, ಆಕಾರ ಮೂಡಿಸುತ್ತಾರೆ. ಅದರ ಹೆಸರು ಓಕುರಿಬಿ, ಕಳಿಸುವ ಬೆಂಕಿ. ಈಗ ಫೈನಲ್ ಫ್ಯಾಂಟಸಿ 10ರಲ್ಲಿ ಕಿಲಿಕಾ ಅನ್ನುವ ಊರಿನ ದೃಶ್ಯ ನೆನಪು ಮಾಡಿಕೊಳ್ಳಿ. ಸಿನ್ ಬಂದು ಊರು ಮುಗಿಸಿ ಹೋಗಿದೆ, ಹೆಣಗಳನ್ನು ನೀರಿಗೆ ಇಳಿಸಿದ್ದಾರೆ, ಯೂನಾ ಬರಿಗಾಲಲ್ಲಿ ನೀರಿನ ಮೇಲೆ ನಡೆದು ಹೋಗಿ ಕೋಲು ತಿರುಗಿಸುತ್ತಾ ಕುಣಿಯುತ್ತಾಳೆ, ಬೆಳಕಿನ ಹುಳುಗಳ ಹಾಗೆ ಆತ್ಮಗಳು ಮೇಲೆ ಹೋಗುತ್ತವೆ. ಜಪಾನಿಯಲ್ಲಿ ಆ ವಿಧಿಯ ಹೆಸರು ಇಕಾಯ್-ಓಕುರಿ, ಆಚೆ ಲೋಕಕ್ಕೆ ಕಳಿಸುವುದು. ಅದೇ "ಓಕುರಿ". ನಾನು ಮೊದಲ ಸಲ ಆ ಬೆಟ್ಟದ ಬೆಂಕಿ ನೋಡುತ್ತಾ ನಿಂತಾಗ, ಹದಿನೈದನೇ ವಯಸ್ಸಿನಲ್ಲಿ ಅಣ್ಣನ ಜೊತೆ ಆಡಿದ್ದ ಆ ದೃಶ್ಯ ಏನು ಅಂತ ಅವತ್ತು ಗೊತ್ತಾಯಿತು.

ಹಾಗೆ ಕಳಿಸದೆ ಬಿಟ್ಟ ಸತ್ತವರು ಏನಾಗುತ್ತಾರೆ? ಬದುಕಿರುವವರ ಮೇಲೆ ಹೊಟ್ಟೆಕಿಚ್ಚು ಬೆಳೆದು ರಾಕ್ಷಸ ಪ್ರಾಣಿಗಳಾಗುತ್ತಾರೆ. ನಾವು ದಾರಿಯುದ್ದಕ್ಕೂ ಹೊಡೆಯುವುದು ಅವರನ್ನೇ. ಮನಸ್ಸಿನ ಹಟ ಜಾಸ್ತಿ ಇದ್ದವರು ಮನುಷ್ಯ ರೂಪದಲ್ಲೇ ಉಳಿಯುತ್ತಾರೆ, ಗುಡಿಯ ಹಿರಿಯ ಗುರು ಮಿಕಾ ಹಾಗೆ. ಆತ ಸತ್ತು ಎಷ್ಟೋ ಕಾಲ ಆಗಿದ್ದರೂ ಪೀಠ ಬಿಟ್ಟಿಲ್ಲ! ಸತ್ತವರಿಗೆ ಶಾಂತಿ ಸಿಗುವುದಕ್ಕೆ ಜಪಾನಿಯಲ್ಲಿ ಜೋಬುತ್ಸು ಅನ್ನುತ್ತಾರೆ, ಬುದ್ಧನಾಗುವುದು ಅಂತ ಅರ್ಥ. ಆಸೆ ಬಿಡದವನಿಗೆ ಅದು ಸಿಗುವುದಿಲ್ಲ. ಆ ಗೇಮ್‌ನಲ್ಲಿ ಕೇಡು ಅಂದರೆ ಪಾಪ ಅಲ್ಲ, ಬಿಡಲಾಗದೆ ಇರುವುದು. ಯೂ ಯೆವನ್ ಕೂಡ ಅಷ್ಟೇ, ಮುಗಿದು ಹೋದ ತನ್ನ ಊರನ್ನು ಸಾವಿರ ವರ್ಷದಿಂದ ಕನಸಿನಲ್ಲಿ ಹಿಡಿದುಕೊಂಡು ಕೂತವನು. ಕೊನೆಯ ಹೊಡೆದಾಟವನ್ನು ನಾನು ಕೊಲೆ ಅನ್ನಲಾರೆ. ತಡವಾಗಿ ಮಾಡಿದ ಅಂತ್ಯಸಂಸ್ಕಾರ ಅದು.

ಇನ್ನೊಂದು ಮಾತು. ಸೆಕಿರೊ ಆಡಿದವರಿಗೆ ಶುರಾ ಎಂಡಿಂಗ್ ಗೊತ್ತಿರುತ್ತದೆ. ಶುರಾ ಅಂದರೆ ನಮ್ಮ ಅಸುರ, ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಇಲ್ಲಿಗೆ ಬಂದ ಪದ. ಆದರೆ ಇಲ್ಲಿ ಅದು ಕೋರೆಹಲ್ಲಿನ ರಕ್ಕಸ ಅಲ್ಲ, ಆರು ಲೋಕಗಳಲ್ಲಿ ಒಂದು, ಕೋಪ ಆರದವರು ಹುಟ್ಟುವ ಲೋಕ. ನಾರಾದ ಕೊಫುಕುಜಿಯಲ್ಲಿ 734ರಲ್ಲಿ ಮಾಡಿದ ಅಶುರಾ ಮೂರ್ತಿ ಇದೆ, ಒಸಾಕಾದಿಂದ ರೈಲಿನಲ್ಲಿ ಹೋಗಿ ಬರಬಹುದು. ಮೂರು ಮುಖ, ಆರು ಕೈ, ಆದರೆ ಮುಖ ನೋಡಿದರೆ ಏನೋ ನೋವು ನುಂಗಿಕೊಂಡ ಹುಡುಗನ ಹಾಗಿದೆ. ಅದರ ಎದುರು ಬಹಳ ಹೊತ್ತು ನಿಂತಿದ್ದೆ. ಸೆಕಿರೊದಲ್ಲಿ ಬುದ್ಧನ ಮೂರ್ತಿ ಕೆತ್ತುತ್ತಾ ಕೂರುವ ಮುದುಕ ಇದ್ದಾನಲ್ಲ, ಏನೇ ಕೆತ್ತಿದರೂ ಅವನ ಕೈಯಲ್ಲಿ ಬರುವುದು ಕೋಪದ ಮುಖವೇ. ಒಂದು ಕಾಲದಲ್ಲಿ ಶುರಾ ಆಗಲು ಹೊರಟವನು, ಅದನ್ನು ತಡೆಯಲೆಂದೇ ಅವನ ಎಡಗೈ ಕಡಿದಿದ್ದರು. ಆ ಮೂರ್ತಿ ನೋಡಿದ ಮೇಲೆ ಆ ಮುದುಕನ ಮೇಲೆ ನನಗೆ ಇದ್ದ ಭಾವನೆಯೇ ಬದಲಾಯಿತು.

---

ಹಳೇ_ಕಾರ್ಟ್ರಿಡ್ಜ್:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನಾನು ಸ್ವಲ್ಪ ತಡೆಯುತ್ತೇನೆ. ಎಲ್ಲವನ್ನೂ ಶಿಂಟೋ, ಬೌದ್ಧ ಅಂತ ವಿವರಿಸಿಬಿಟ್ಟರೆ ಒಂದು ದೊಡ್ಡ ವಿಷಯ ಕೈತಪ್ಪುತ್ತದೆ. ಜಪಾನಿ ಗೇಮ್‌ಗಳಲ್ಲಿ ಕೊನೆಗೆ ಕೊಲ್ಲುವ ದೇವರು ಯಾವ ವೇಷದಲ್ಲಿ ಇರುತ್ತಾನೆ ನೋಡಿ. ರೆಕ್ಕೆಯ ದೇವದೂತರು, ಪೋಪ್‌ನಂಥ ಗುರು, ಪವಿತ್ರ ಗ್ರಂಥ. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ (1997) ಪೂರ್ತಿ ಒಂದು ಚರ್ಚಿನ ಸುಳ್ಳಿನ ಕಥೆ, ಜನ ಪೂಜಿಸುವ ಸಂತ ಅಜೋರಾನ ಹಿಂದೆ ಇರುವುದು ರಾಕ್ಷಸ ಶಕ್ತಿ. ಮರುವರ್ಷದ ಜೆನೋಗಿಯರ್ಸ್‌ನಲ್ಲಿ ಕೊನೆಯ ಕಡೆ ಎದುರಾಗುವ ಬಾಸ್, ಅಂದರೆ ದೊಡ್ಡ ಎದುರಾಳಿಯ ಹೆಸರೇ ಡೇಯುಸ್, ಲ್ಯಾಟಿನ್‌ನಲ್ಲಿ ದೇವರು.

ಜಪಾನಿನಲ್ಲಿ ಕ್ರೈಸ್ತರು ಸುಮಾರು ನೂರಕ್ಕೆ ಒಬ್ಬರು. 1614ರಲ್ಲಿ ದೇಶಕ್ಕೆಲ್ಲ ನಿಷೇಧ ಹೇರಿದರು, ಅದು ತೆರವಾಗಿದ್ದು 1873ರಲ್ಲಿ. ಅಷ್ಟು ದೂರದ ಧರ್ಮ ಆದ್ದರಿಂದಲೇ ಕಥೆ ಕಟ್ಟುವವರಿಗೆ ಅದು ಮುಟ್ಟಲು ಸುಲಭ. ಊರ ಗುಡಿಯ ಕಾಮಿಯನ್ನು ಖಳನಾಯಕ ಮಾಡುವುದು ಕಷ್ಟ, ಯಾರ ಅಜ್ಜಿಯೋ ಅಲ್ಲಿ ದಿನಾ ಕೈಮುಗಿಯುತ್ತಿರುತ್ತಾರೆ. ದೂರದ ದೇವರಾದರೆ ಆ ಅಂಜಿಕೆ ಇಲ್ಲ. ನಮ್ಮ ದೇವರುಗಳಿಗೂ ಅದೇ ಆಗಿದೆ. ಅಟ್ಲಸ್‌ನವರ ಡಿಜಿಟಲ್ ಡೆವಿಲ್ ಸಾಗಾ (2004) ಆಡಿದವರು ಇಲ್ಲಿ ಯಾರಾದರೂ ಇದ್ದೀರಾ? ಅದರಲ್ಲಿ ಪಾತ್ರಗಳು ಅಗ್ನಿ, ವಾಯು, ಪೃಥ್ವಿ, ದ್ಯೌಸ್ ರೂಪ ತಾಳಿ ಒಬ್ಬರನ್ನೊಬ್ಬರು ತಿನ್ನುತ್ತಾರೆ. ಜಾಗಗಳ ಹೆಸರು ಮೂಲಾಧಾರ, ಸ್ವಾಧಿಷ್ಠಾನ, ಮಣಿಪುರ, ಅನಾಹತ. ಗೆದ್ದವರಿಗೆ ನಿರ್ವಾಣ. ನನ್ನ ತಾತ ಬೆಳಗ್ಗೆ ಪ್ರಾಣಾಯಾಮ ಮಾಡುವಾಗ ಹೇಳುತ್ತಿದ್ದ ಪದಗಳನ್ನೇ ಒಂದು ಗೇಮ್‌ನ ನಕ್ಷೆಯಲ್ಲಿ ನೋಡಿದಾಗ ಒಂದು ಕ್ಷಣ ಕಸಿವಿಸಿ ಆಯಿತು, ನಿಜ. ಆದರೆ ಆಡುತ್ತಾ ಹೋದ ಹಾಗೆ ಹಸಿವು, ಕರ್ಮ, ಬಿಡುಗಡೆ ಇವುಗಳ ಬಗ್ಗೆ ಅವರು ಮನಸ್ಸಿಟ್ಟು ಯೋಚಿಸಿದ್ದಾರೆ ಅನ್ನಿಸಿತು. ಬರೀ ಹೆಸರು ಎತ್ತಿಕೊಂಡಿದ್ದಲ್ಲ ಅದು.

ಇನ್ನೊಂದು ಕಾರಣ ಇತಿಹಾಸದ್ದು, ಇದು ನನ್ನ ಅನಿಸಿಕೆ ಅಂತ ತಗೊಳ್ಳಿ. ಎರಡನೇ ಮಹಾಯುದ್ಧ ಮುಗಿಯುವ ತನಕ ಚಕ್ರವರ್ತಿಗೆ ದೈವತ್ವ ಕೊಟ್ಟು, ಅವನ ಹೆಸರಲ್ಲಿ ಮಕ್ಕಳನ್ನು ಸಾಯಲು ಕಳಿಸಿದ ದೇಶ ಅದು. 1946ರ ಜನವರಿ 1ರಂದು ಆ ದೈವತ್ವ ಬರೀ ಕಲ್ಪನೆ ಅಂತ ಚಕ್ರವರ್ತಿಯ ಹೇಳಿಕೆಯೇ ಹೊರಬಿತ್ತು. 1995ರ ಮಾರ್ಚ್‌ನಲ್ಲಿ ಓಮ್ ಶಿನ್ರಿಕ್ಯೋ ಪಂಥದವರು ಟೋಕಿಯೋ ಸಬ್‌ವೇಯಲ್ಲಿ ಸಾರಿನ್ ವಿಷ ಬಿಟ್ಟರು. ಆ ಪಂಥದ ಹೆಸರಿನ ಮೊದಲ ಪದ ನಮ್ಮ ಓಂ. ಧರ್ಮದ ಹೆಸರಲ್ಲಿ ದೊಡ್ಡವರು ಸುಳ್ಳು ಹೇಳಿ, ಚಿಕ್ಕವರು ಪ್ರಾಣ ಕೊಡುವ ಕಥೆ 90ರ ದಶಕದ ಕೊನೆಯಲ್ಲಿ ಅಷ್ಟೊಂದು ಬಂದಿದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಯೂನಾ ಕೂಡ ಅಂಥ ಒಬ್ಬ ಚಿಕ್ಕವಳೇ ಅಲ್ವಾ? "ನೀನು ಸಾಯುವುದೇ ಪುಣ್ಯ" ಅಂತ ಎಲ್ಲರೂ ನಗುನಗುತ್ತಾ ಹೇಳುತ್ತಿರುತ್ತಾರೆ.

ಅಂದ ಹಾಗೆ ಹಳೆಯ ಗೇಮ್‌ಗಳನ್ನು ನಾವು ಆಡಿದ್ದು ಇಂಗ್ಲಿಷ್‌ನಲ್ಲಿ. ಆ ಕಾಲದಲ್ಲಿ ಅಮೆರಿಕದ ನಿಂಟೆಂಡೊ ಧರ್ಮದ ಗುರುತುಗಳನ್ನೆಲ್ಲ ತೆಗೆಸುತ್ತಿತ್ತು. ಹೋಲಿ ಅನ್ನುವ ಮಂತ್ರ ಫೈನಲ್ ಫ್ಯಾಂಟಸಿ 4ರಲ್ಲಿ ವೈಟ್ ಆಯಿತು, 6ರಲ್ಲಿ ಪರ್ಲ್ ಆಯಿತು. ಮೂಲದಲ್ಲಿ ಏನಿತ್ತೋ ಅದು ನಮ್ಮ ತನಕ ಪೂರ್ತಿ ಬಂದೇ ಇಲ್ಲ.

---

ಮಂಜಿನಕೇರಿ:

ಪರ್ಸೋನಾ 4 ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಇದಕ್ಕೂ ಸ್ಪಾಯ್ಲರ್ ಇದೆ.

712ರಲ್ಲಿ ಬರೆದಿಟ್ಟ ಕೊಜಿಕಿ ಅನ್ನುವ ಜಪಾನಿನ ಪುರಾಣ ಗ್ರಂಥದಲ್ಲಿ ಒಂದು ಕಥೆ ಬರುತ್ತದೆ. ಇಜಾನಾಮಿ ಬೆಂಕಿಯ ಕಾಮಿಯನ್ನು ಹೆತ್ತು ಸುಟ್ಟು ಸಾಯುತ್ತಾಳೆ. ಗಂಡ ಇಜಾನಾಗಿ ಅವಳನ್ನು ಕರೆತರಲು ಸತ್ತವರ ಲೋಕ ಯೋಮಿಗೆ ಹೋಗುತ್ತಾನೆ. ನನ್ನನ್ನು ನೋಡಬೇಡ ಅನ್ನುತ್ತಾಳೆ ಅವಳು. ಇವನು ತಡೆಯಲಾರದೆ ದೀಪ ಹಚ್ಚಿ ನೋಡುತ್ತಾನೆ, ಅವಳ ಮೈ ಕೊಳೆತು ಹುಳ ಹತ್ತಿರುತ್ತದೆ. ಹೆದರಿ ಓಡುತ್ತಾನೆ, ಯೋಮೊತ್ಸು ಹಿರಾಸಾಕಾ ಅನ್ನುವ ಇಳಿಜಾರಿನಲ್ಲಿ ದೊಡ್ಡ ಬಂಡೆ ಅಡ್ಡ ಇಡುತ್ತಾನೆ. ದಿನಕ್ಕೆ ನಿನ್ನ ಸಾವಿರ ಜನರನ್ನು ಕೊಲ್ಲುತ್ತೇನೆ ಅಂತ ಅವಳು, ಹಾಗಾದರೆ ಸಾವಿರದ ಐನೂರು ಹುಟ್ಟಿಸುತ್ತೇನೆ ಅಂತ ಇವನು.

ಪರ್ಸೋನಾ 4ರಲ್ಲಿ ನಾಯಕನ ಪರ್ಸೋನಾ, ಅಂದರೆ ಅವನೊಳಗಿಂದ ಎದ್ದು ಅವನಿಗಾಗಿ ಹೋರಾಡುವ ರೂಪ, ಇಜಾನಾಗಿ. ಮಂಜು ಕವಿದ ಒಂದು ಸಣ್ಣ ಊರು, ಅಲ್ಲಿನ ಒಬ್ಬೊಬ್ಬ ಹುಡುಗ ಹುಡುಗಿ ತಾವು ಮುಚ್ಚಿಟ್ಟುಕೊಂಡ ಮುಖವನ್ನು ಎದುರಿಗೆ ನೋಡಬೇಕು. ಮೊದಲು ಎಲ್ಲರೂ "ನೀನು ನಾನಲ್ಲ" ಅಂತ ಕಿರುಚುತ್ತಾರೆ. ಆಮೇಲೆ, ಹೌದು ನೀನೂ ನಾನೇ ಅಂತ ಒಪ್ಪುತ್ತಾರೆ. ಕೊನೆಯ ಜಾಗದ ಹೆಸರು ಯೋಮೊತ್ಸು ಹಿರಾಸಾಕಾ, ಅಲ್ಲಿ ಕಾದಿರುವವಳು ಇಜಾನಾಮಿ. ಹಳೆಯ ಕಥೆಯಲ್ಲಿ ಇಜಾನಾಗಿ ಕೊಳೆತದ್ದನ್ನು ನೋಡಿ ಓಡಿದ. ಈ ಗೇಮ್‌ನ ಮಕ್ಕಳು ನೋಡಿಯೂ ಓಡುವುದಿಲ್ಲ. ಓಡಿ ಹೋದಲ್ಲಿಗೇ ಇಜಾನಾಗಿಯನ್ನು ಮತ್ತೆ ಕರೆತಂದು ಈ ಸಲ ನಿಲ್ಲಿಸುತ್ತಾರೆ. ನನಗೆ ಕೊಜಿಕಿ ಕಥೆ ಗೊತ್ತಾಗಿದ್ದು ಗೇಮ್ ಮುಗಿಸಿ ಎರಡು ವರ್ಷ ಆದ ಮೇಲೆ. ಅವತ್ತು ರಾತ್ರಿಯೇ ಮತ್ತೆ ಮೊದಲಿಂದ ಶುರು ಮಾಡಿದೆ. ಅಮ್ಮ ತೀರಿಕೊಂಡ ವರ್ಷ ಅದು. ಅವರ ಕೊನೆಯ ದಿನಗಳಲ್ಲಿ ಆಸ್ಪತ್ರೆ ಕೋಣೆಯ ಒಳಗೆ ಹೋಗಲು ನನಗೆ ಧೈರ್ಯ ಸಾಲುತ್ತಿರಲಿಲ್ಲ, ಹಾಗಾಗಿ ಈ ಕಥೆ ನನಗೆ ಬೇರೆಯೇ ಆಗಿ ತಟ್ಟಿತು.

ಕಾರ್ಟ್ರಿಡ್ಜ್ ಅವರೇ, ಸ್ವಂತ ಕಾಮಿಯನ್ನು ಕೊನೆಯ ಬಾಸ್ ಮಾಡುವುದಿಲ್ಲ ಅನ್ನುವ ನಿಮ್ಮ ಮಾತಿಗೆ ಇದು ಒಪ್ಪುವುದಿಲ್ಲ ನೋಡಿ. ಇಜಾನಾಮಿ ಅವರ ನಾಡನ್ನೇ ಹೆತ್ತವಳು.

---

ಹಳೇ_ಕಾರ್ಟ್ರಿಡ್ಜ್:

ಮಂಜಿನಕೇರಿ ಅವರೇ, ನಿಮ್ಮ ಮಾತು ಸರಿ, ಅಲ್ಲಿ ನಾನು ತಪ್ಪಿದೆ. ಆದರೆ ಅವಳನ್ನು ಅವರು ಸುಳ್ಳಿನ ಚರ್ಚಿನ ಹಾಗೆ ತೋರಿಸಿಲ್ಲ ಅನ್ನುವುದೂ ಮುಖ್ಯ. ಜನ ಕೇಳಿದ್ದನ್ನೇ ಕೊಟ್ಟೆ ಅನ್ನುತ್ತಾಳೆ ಅವಳು. ಸೋತ ಮೇಲೆ ಮಂಜು ತೆಗೆದು ಹೋಗುತ್ತಾಳೆ. ಅದು ಪಣಂಬೂರಿನವರು ಹೇಳಿದ ತಣಿಸುವ ಕಥೆಗೇ ಹತ್ತಿರ. ಅಮ್ಮನ ವಿಷಯ ಬರೆದಿದ್ದಕ್ಕೆ ಧನ್ಯವಾದ.

---

ತುಂಗೆ_ದಡ:

ಎಲ್ಲರದೂ ಎರಡೆರಡು ಸಲ ಓದಿದೆ. "ತಡವಾಗಿ ಮಾಡಿದ ಅಂತ್ಯಸಂಸ್ಕಾರ" ಅನ್ನುವ ಮಾತು ಓದಿ ನಿನ್ನೆ ರಾತ್ರಿ ಕಿಲಿಕಾ ದೃಶ್ಯವನ್ನು ಅಪ್ಪನಿಗೆ ತೋರಿಸಿದೆ. ಗೇಮ್ ಅಂದರೆ ಎದ್ದು ಹೋಗುವವರು ಪೂರ್ತಿ ನೋಡಿದರು. "ಈ ಹುಡುಗಿ ಯಾರ ಮನೆಯವಳು, ಬಂಧುಗಳು ಯಾರೂ ಇಲ್ವಾ ಈ ಕೆಲಸಕ್ಕೆ" ಅಂತ ಕೇಳಿದರು. ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಒಸಾಕಾದವರೇ, ಒಂದು ಕೇಳಬೇಕಿತ್ತು. ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ದಾರಿ ಬದಿ ಸಾಲಾಗಿ ಸಣ್ಣ ಕಲ್ಲಿನ ಮೂರ್ತಿಗಳು ಇರುತ್ತವೆ, ಒಂದರ ಮುಂದೆ ಮಾತ್ರ ಸೇಬು ಇರುವುದಿಲ್ಲ, ನಾವು ಇಟ್ಟರೆ ಕೊರೊಕ್ ಅನ್ನುವ ಪುಟ್ಟ ಕಾಡುಜೀವಿ ಎದ್ದು ಬರುತ್ತದೆ. ಅವು ಯಾರ ಮೂರ್ತಿ?

---

ಒಸಾಕಾ_ಲೋಕಲ್:

ಅವು ಜಿಜೋ ಮೂರ್ತಿಗಳ ಹಾಗೆ ಮಾಡಿದವು. ಸಂಸ್ಕೃತದ ಕ್ಷಿತಿಗರ್ಭ ಬೋಧಿಸತ್ವನೇ ಇಲ್ಲಿ ಜಿಜೋ. ದಾರಿಹೋಕರನ್ನು, ಮಕ್ಕಳನ್ನು ಕಾಯುತ್ತಾನೆ, ಅದರಲ್ಲೂ ಹುಟ್ಟುವ ಮೊದಲೇ, ಚಿಕ್ಕದರಲ್ಲೇ ತೀರಿಕೊಂಡ ಮಕ್ಕಳನ್ನು. ನಮ್ಮ ಬೀದಿಯ ತಿರುವಿನಲ್ಲೂ ಒಂದಿದೆ, ಕೆಂಪು ಬಟ್ಟೆ ಕಟ್ಟಿದ್ದಾರೆ, ಚಳಿಗಾಲ ಬಂದರೆ ಯಾರೋ ಉಣ್ಣೆಯ ಟೋಪಿ ಹಾಕಿ ಹೋಗುತ್ತಾರೆ. ಮಾರಿಯೊ 3 (1988) ನೆನಪಿದೆಯಾ, ತನುಕಿ ಅನ್ನುವ ಪ್ರಾಣಿಯ ವೇಷ ಹಾಕಿ ಕಲ್ಲಾಗುತ್ತಾನಲ್ಲ, ಆ ಕಲ್ಲೂ ಜಿಜೋನೇ. ನಾವೆಲ್ಲ ಚಿಕ್ಕವರಿದ್ದಾಗ ಗೊತ್ತಿಲ್ಲದೆ ಎಷ್ಟು ಸಲ ಜಿಜೋ ಆಗಿದ್ದೇವೆ!

ಸೇಬು ಇಡುವಾಗ ನಿಮ್ಮ ತಂಗಿಯ ಮಗಳ ಕೈಗೆ ಕಂಟ್ರೋಲರ್ ಕೊಡಿ.